ಗಿರಣಿ ಮಂದಿಯ ಉಸಿರು

ನಲವತ್ತು ನುಡಿಯ ಒಂದು ಲಾವಣಿಯನ್ನು ನಾನು ಏಳೇ ಉಸಿರಿನಲ್ಲಿ ಹಾಡಿ ಮುಗಿಸಿದವನು. ಎದುರು ಕುಂತು ಸೋತವನು ಸತ್ತ. ತೀರ್ಪು ಕೊಟ್ಟ ಗೌಡರು ಸತ್ತರು. ನನ್ನ ಹಿಂದೆ ನಿಂತು ದಪ್ಪು ಬಾರಿಸಿದ ಇಬ್ಬರೂ ಈಗಿಲ್ಲ. ಇದ್ದಾಗಲೂ ಅವರು ಊಟಕ್ಕಷ್ಟೇ ಬರುತ್ತಿದ್ದರು ಅನ್ನಿ.

ಆ ಸುದ್ದಿ ಕೇಳಿಯೇ ಮೌಲಾಲಿ ನನ್ನನ್ನು ಹುಡುಕಿಕೊಂಡು ಬಂದದ್ದು.

ಘಟಪ್ರಭೆಯ ದಂಡೆಗೆ ಒಂದು ಸಣ್ಣ ಮಠ, ಅದರ ಹೊರಗೊಂದು ಕಟ್ಟೆ. ನಾನಿರುವುದು ಅಲ್ಲೇ. ಗುರುವಾರ ಮುಂಜಾನೆ ಮೆಟ್ಟಿಲ ಮೇಲೆ ಕುಂತು ತಂಬಾಕು ತಿಕ್ಕುತ್ತಿದ್ದೆ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನವನು, ಇಬ್ಬರು ಹಿಡಿಸುವಷ್ಟು ದೊಗಲೆ ಅಂಗಿ, ಬಂದವನೇ ಕಾಲಿಗೆ ಬಿದ್ದ. ಎದ್ದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ತೋಳಿನ ದಾರ ಎಳೆದು ಎಳೆದು ಅರ್ಧ ಹೊಲಿಗೆ ಬಿಚ್ಚಿದ್ದ.

"ಅಜ್ಜಾ, ನನಗ ಉಸಿರು ಕಲಿಸ್ರಿ," ಅಂದ.

"ಹುಟ್ಟಿದಾಗಿಂದ ಏನು ಮಾಡಾಕತ್ತಿದಿ?"

ಅವನು ನಗಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಇವನ ಒಳಗೆ ಏನೋ ಸುಡುತ್ತಿದೆ.

ತಾನು ಹಾಡುವುದು ರ್ಯಾಪ್ ಅಂತ ಹೇಳಿದ. ಅದು ಹಾಡೂ ಅಲ್ಲ, ಮಾತೂ ಅಲ್ಲ, ತಾಳ ಹಿಡಿದು ಓಡುವ ಸಿಟ್ಟು ಅಂದ. ನಾನು ಗೀಗೀ ಪದ ಹಾಡಿದವನು, ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಗೋಕಾಕದಲ್ಲಿ ಅವರು ಮೂವರು. ಬಾಳೇಶ ತಾಳ ಕಟ್ಟುತ್ತಾನೆ. ಭಾಗ್ಯಾ ಮೊದಲಿಗೊಮ್ಮೆ, ಕೊನೆಗೊಮ್ಮೆ ಪಲ್ಲವಿ ಹೇಳುತ್ತಾಳೆ. ನಡುವಿನ ನಾಲ್ಕು ನಿಮಿಷ ಪೂರ್ತಿ ಮೌಲಾಲಿಯದು. ಬಾಳೇಶನ ಅವ್ವನದೊಂದು ಹಿಟ್ಟಿನ ಗಿರಣಿ ಇದೆ, ಅದರ ಹಿಂದಿನ ಕೋಣೆಯಲ್ಲಿ ಹಾಡು ಕಟ್ಟುತ್ತಾರೆ. ಅದಕ್ಕೇ ತಮ್ಮನ್ನು ತಾವು ಗಿರಣಿ ಮಂದಿ ಅಂತ ಕರೆದುಕೊಂಡರು. ಹಿಂದೆ ಯಾವ ಕಂಪನಿಯೂ ಇಲ್ಲ, ಮುಂದೆ ಯಾವ ಸಾಹೇಬನೂ ಇಲ್ಲ. ಮಾಡಿದ್ದನ್ನು ತಾವೇ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಮುಖ ನೋಡದ ಊರುಗಳ ಹುಡುಗರು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾರಂತೆ.

ತಪ್ಪು ಆದದ್ದು ಆ ಗಿರಣಿಯಲ್ಲೇ.

ಯಾರಾದರೂ ಜೋಳ ತಂದರೆ ಗಿರಣಿ ಶುರು ಮಾಡಬೇಕು. ಶುರುವಾದರೆ ಹಿಂದಿನ ಕೋಣೆಯಲ್ಲಿ ಧ್ವನಿ ಹಿಡಿಯಲಾಗದು. ಹಾಗಾಗಿ ಮೌಲಾಲಿ ಎರಡು ಸಾಲು ಹೇಳುತ್ತಿದ್ದ, ನಿಲ್ಲುತ್ತಿದ್ದ. ಒಬ್ಬರ ಜೋಳ ಬೀಸಿ ಮುಗಿದ ಮೇಲೆ ಮತ್ತೆರಡು ಸಾಲು. ಬಾಳೇಶ ಆ ತುಂಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ, ನಡುವಿನ ಉಸಿರು ಕತ್ತರಿಸಿ ತೆಗೆದು, ಒಂದೇ ಸವನೆ ಹರಿಯುವ ಹಾಗೆ ಮಾಡುತ್ತಿದ್ದ. ಈ ಹುಡುಗನಿಗೆ ಉಸಿರೇ ಬೇಡವೇನೋ ಅಂತ ಕೇಳಿದವರೆಲ್ಲ ಬೆರಗಾದರು. ಆ ಹೊಗಳಿಕೆ ಅವನ ಕೊರಳಿಗೆ ಬಿತ್ತು.

"ಖರೇ ಹೇಳ್ಬೇಕಂದ್ರ ಅಜ್ಜಾ, ಆ ಹಾಡನ್ನ ನಾ ಒಂದ್ಸಲಾನೂ ಪೂರ್ತಿ ಹಾಡಿಲ್ಲ."

ಧಾರವಾಡದ ವೇದಿಕೆಯಲ್ಲಿ ಹಾಡಲು ಹೋಗಿ ಮೂರನೇ ಸಾಲಿಗೇ ಉಸಿರು ಕಟ್ಟಿತಂತೆ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದರು. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಗಿರಣಿಯಲ್ಲಿ ಹಿಡಿದ ಧ್ವನಿಯನ್ನೇ ಹಚ್ಚಿ, ಇವನು ಬರೀ ತುಟಿ ಆಡಿಸುತ್ತಿದ್ದ.

ಈ ಭಾನುವಾರ ಹುಬ್ಬಳ್ಳಿಯ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಇಂಥ ಗುಂಪುಗಳೆಲ್ಲ ಸೇರುತ್ತವೆ. ತಾಳ ಹಚ್ಚಬಹುದು, ಮೊದಲೇ ಹಿಡಿದ ಧ್ವನಿ ಹಚ್ಚುವಂತಿಲ್ಲ. ಹೆಸರು ಕೊಟ್ಟಾಗಿದೆ. ಹೋಗದಿದ್ದರೆ ನಗೆಪಾಟಲು. ಹೋಗಿ ಮತ್ತೆ ಬಾಯಿ ತೆರೆದು ನಿಂತರೆ ಗಿರಣಿ ಮಂದಿ ಅನ್ನುವ ಹೆಸರೇ ಅಲ್ಲಿಗೆ ಮುಗಿಯಿತು.

ಅವನದು ಇನ್ನೊಂದು ಮಾತು ಉಳಿದಿತ್ತು. ನಾನು ತಂಬಾಕು ಉಗುಳಿ ಬರುವ ತನಕ ಕಾದು ಹೇಳಿದ.

"ಅವರಿಬ್ಬರೂ ನನ್ನ ಬಿಟ್ಟು ಪ್ರಾಕ್ಟೀಸ್ ಮಾಡಾಕತ್ತಾರ, ಅಜ್ಜಾ. ನಾ ಒಳಗ ಹೋದ ಕೂಡ್ಲೇ ಸುಮ್ಮನಾಗ್ತಾರ."

ನಾನು ಅವನನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿದೆ. ಅಲ್ಲಿ ನಿಂತು ಹಾಡು, ನೀರಿನ ಭಾರಕ್ಕೆ ಎದೆ ಗಟ್ಟಿಯಾಗುತ್ತದೆ ಅಂದೆ. ನಿನ್ನ ವಯಸ್ಸಿನಲ್ಲಿ ನಾನು ಇಲ್ಲೇ ಮುಳುಗಿದವನು ಎದ್ದದ್ದು, ಹರಿಗೋಲು ಆಚೆ ದಂಡೆಗೆ ಹೋಗಿ ಜನ ಹತ್ತಿಸಿಕೊಂಡು ತಿರುಗಿ ಬಂದ ಮೇಲೆ ಅಂತ ಹೇಳಿದೆ.

ಅಷ್ಟು ಹೊತ್ತು ಹೇಗೆ ಸಾಧ್ಯ ಅಂತ ಅವನು ಕೇಳಿದ.

"ಒಬ್ಬಾಂವ ಎಮ್ಮಿ ತಂದಿದ್ದ. ಅದನ್ನ ಹತ್ತಿಸಾಕ ತಡ ಆತು."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅವನು ತಲೆಯಾಡಿಸಿ ಮತ್ತೆ ಹಾಡತೊಡಗಿದ. ಮೂರನೇ ಸಾಲು ಮುಟ್ಟಿದ, ಕಟ್ಟಿತು. ಮತ್ತೆ ಶುರು ಮಾಡಿದ, ಅಲ್ಲೇ ಕಟ್ಟಿತು.

ಶುಕ್ರವಾರ ಮೆಟ್ಟಿಲು ಹತ್ತಿಸಿ ಇಳಿಸಿದೆ. ಹೊಟ್ಟೆಯ ಮೇಲೆ ಮಠದ ಕಲ್ಲು ಗುಂಡು ಇಟ್ಟು ಮಲಗಿಸಿದೆ. ಅವತ್ತು ಎರಡನೇ ಸಾಲಿಗೇ ಕಟ್ಟಿತು.

ಮಠದಲ್ಲಿ ಕೊಟ್ಟ ರೊಟ್ಟಿಯನ್ನು ಅವನು ಮುರಿದ, ತಿನ್ನಲಿಲ್ಲ. ಮೊಬೈಲ್ ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಒಳಗೊಳಗೆ ನನಗೂ ಚುರ್ ಅಂದಿತು. ಏಳು ಉಸಿರಿನವನ ಶಿಷ್ಯ ಎರಡು ಸಾಲು ದಾಟಲಿಲ್ಲ ಅಂದರೆ ಹೋಗುವುದು ಯಾರ ಹೆಸರು?

ಶನಿವಾರ ಹೊತ್ತೇರುವಾಗ ಬಾಳೇಶ, ಭಾಗ್ಯಾ ಇಬ್ಬರೂ ಬೈಕಿನ ಮೇಲೆ ಬಂದರು. ಮೂರು ದಿನದಿಂದ ಹುಡುಕುತ್ತಿದ್ದೇವೆ, ಫೋನ್ ಎತ್ತಿ ಸತ್ತಿದೀನಿ ಅಂತಾದರೂ ಹೇಳಬಾರದೇ ಅಂತ ಬಾಳೇಶ ಬೈದ. ಭಾಗ್ಯಾ ಮುರಿದಿಟ್ಟ ರೊಟ್ಟಿಯನ್ನೂ ಬಿಚ್ಚಿದ ತೋಳನ್ನೂ ನೋಡುತ್ತ ನಿಂತಳು.

ಮೌಲಾಲಿ ನೀರಿನ ಕಡೆ ಮುಖ ಮಾಡಿದ.

"ನಾ ಬರೂದಿಲ್ಲ. ನೀವಿಬ್ಬರ ಹೋಗ್ರಿ. ಹೆಂಗೂ ತಯಾರಿ ನಡದೈತಲ್ಲ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಗಸರು ಬಟ್ಟೆ ಬಡಿಯುವ ಸಪ್ಪಳ ಆಚೆ ದಂಡೆಯಿಂದ ಬರುತ್ತಿತ್ತು.

ಆ ಸುಮ್ಮನಿರುವಿಕೆ ನನಗೆ ತಡೆಯಲಾಗಲಿಲ್ಲ. ನೀವು ತಂದ ಸ್ಪೀಕರ್ ಪೆಟ್ಟಿಗೆಯಲ್ಲಿ ನಿಮ್ಮ ತಾಳ ಹಚ್ಚು ಅಂತ ಬಾಳೇಶನಿಗೆ ಹೇಳಿದೆ. ಈ ಹಾಡು ನಾನು ಹಾಡುತ್ತೇನೆ, ನೀವು ಕುಂತು ನೋಡಿ ಅಂದೆ. ನಾನು ಶಾಲೆಯ ಬಾಗಿಲು ಕಂಡವನಲ್ಲ. ಬರೆದಿಟ್ಟುಕೊಳ್ಳಲು ಬರದಿದ್ದರೆ ಕೇಳಿದ್ದೆಲ್ಲ ತಲೆಯಲ್ಲೇ ಇರುತ್ತದೆ. ಎರಡು ದಿನದಿಂದ ಅವನ ಮೊಬೈಲಿನಲ್ಲಿ ಆ ಹಾಡನ್ನು ಪೂರ್ತಿ ಕೇಳುತ್ತಿದ್ದೆ.

ತಾಳ ಶುರುವಾಯಿತು. ನಾನು ಎದ್ದು ನಿಂತು, ಕಿವಿಗೆ ಕೈ ಹಚ್ಚಿ, ಗೀಗೀಯ ಧಾಟಿಯಲ್ಲೇ ಎತ್ತಿದೆ.

"ನಳಕ್ಕ ನೀರಿಲ್ಲ, ನೀರಿಗೆ ವಾರ ಇಲ್ಲ,
ವಾರ ಬಂದರೂ ನಮ್ಮ ಪಾಳಿ ಬರೂದಿಲ್ಲ,
ಪಾಳಿಯ ತುದಿಗೆ ನಿಂತಾಳ ನಮ್ಮವ್ವ..."

ಅಲ್ಲಿ ನಾನು ನಿಂತೆ.

ಹೊಳೆ ನೋಡಿದೆ. ಮೀಸೆ ತಿರುವಿದೆ. ತಾಳ ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ಹೋಯಿತು.

ಮೌಲಾಲಿಯ ಮುಖದಲ್ಲಿ ರಕ್ತವಿರಲಿಲ್ಲ. ಅವನು ಸಾಯುವ ಜಾಗ ಅದೇ. ನನ್ನ ತೆರೆದ ಬಾಯಿಯನ್ನು ಅವನು ಧಾರವಾಡದ ವೇದಿಕೆಯನ್ನೇ ಕಂಡ ಹಾಗೆ ನೋಡುತ್ತಿದ್ದ.

"ಕೊಡದ ತುಂಬ ಬರೇ ಬಿಸಲು ತುಂಬಿ," ಅಂದಳು ಭಾಗ್ಯಾ.

ಬಾಳೇಶ ಅದರ ಬಾಲಕ್ಕೆ ದನಿ ಸೇರಿಸಿದ. "ಬಿಸಲು ತುಂಬಿ, ಬಿಸಲು ತುಂಬಿ."

ಮೌಲಾಲಿ ತಿರುಗಿ ಅವರನ್ನು ನೋಡಿದ. ನೋಡುತ್ತಿದ್ದ ಹಾಗೆಯೇ ಅವನ ಎದೆ ತನ್ನಷ್ಟಕ್ಕೆ ತುಂಬಿತು. ಮುಂದಿನ ಸಾಲು ಅವನ ಬಾಯಿಂದಲೇ ಬಂತು, ಅದರ ಮುಂದಿನದೂ ಬಂತು. ದಣಿದಲ್ಲಿ ಅವನು ನಿಂತ. ನಿಂತಲ್ಲಿ ಅವರಿಬ್ಬರೂ ಎತ್ತಿಕೊಂಡರು. ಅವನ ಮಾತು ಒಂದೂ ಬಿಡದೆ ಅವರಿಗೆ ಬಾಯಿಪಾಠವಿತ್ತು.

ಗಿರಣಿಯಲ್ಲಿ ತುಂಡು ತುಂಡಾಗಿ ಹುಟ್ಟಿದ ಹಾಡು ಆ ಮೆಟ್ಟಿಲ ಮೇಲೆ ಮೊದಲ ಸಲ ಕೊನೆ ಮುಟ್ಟಿತು.

ಆಮೇಲೆ ಬಾಳೇಶ ತಲೆ ತಗ್ಗಿಸಿ ಒಪ್ಪಿಕೊಂಡ. ಧಾರವಾಡದ ಮರುದಿನದಿಂದ ಇಬ್ಬರೂ ಕದ್ದು ಕಲಿತಿದ್ದರು. ಇವನಿಗೆ ಮತ್ತೆ ಕಟ್ಟಿದರೆ ಹಿಡಿದುಕೊಳ್ಳೋಣ ಅಂತ. ಹೇಳಿದರೆ ತನ್ನ ಮೇಲಿನ ನಂಬಿಕೆ ಹೋಯಿತು ಅಂದುಕೊಂಡಾನು ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದರು.

ಮೌಲಾಲಿ ಹೊಳೆಗಿಳಿದು ಮುಖ ತೊಳೆದ. ತೊಳೆದದ್ದು ಬಹಳ ಹೊತ್ತಾಯಿತು. ತಿರುಗಿ ಬಂದು, ಯಾವ ಯಾವ ಸಾಲಿನ ಬಾಲ ನಿಮಗೆ ಬಿಡಲಿ ಅಂತ ಕೇಳಿದ.

ಮತ್ತೆ ಮೂರು ಸಲ ಹಾಡಿದರು. ಎರಡನೆಯ ಸಲ ಅವನಿಗೆ ಒಂದು ಕಡೆ ಕಟ್ಟಿತು, ಭಾಗ್ಯಾ ಎಳೆದುಕೊಂಡು ಹೋದಳು. ಹುಬ್ಬಳ್ಳಿಗೆ ಇನ್ನು ಒಂದೇ ದಿನ ಅಂತ ಮೌಲಾಲಿ ಎರಡು ಸಲ ಹೇಳಿದ. ಆದರೂ ನಾಳೆ ಎಷ್ಟು ಗಂಟೆಗೆ ಹೊರಡೋಣ ಅಂತ ಕೇಳಿದವನೂ ಅವನೇ.

ಹೊರಡುವಾಗ ಮತ್ತೆ ನನ್ನ ಕಾಲಿಗೆ ಬಿದ್ದ.

"ನಾ ಸಾಯೂ ಜಾಗಾನ ಹುಡುಕಿ ಅಲ್ಲೇ ನಿಂತ್ರಿ ಅಜ್ಜಾ. ನನಗ ತೋರಿಸಾಕ ನಿಂತ್ರಿ, ಹೌದಿಲ್ಲೋ?"

ನಾನು ಅವನ ತಲೆಯ ಮೇಲೆ ಕೈ ಇಟ್ಟು, ಗುರುವಿನ ಲೆಕ್ಕ ಗುರುವಿಗೇ ಗೊತ್ತು ಅಂದೆ.

ತಾಳದ ಪೆಟ್ಟಿಗೆಯನ್ನು ಚೀಲಕ್ಕೆ ಹಾಕುತ್ತಿದ್ದ ಭಾಗ್ಯಾ ಅಲ್ಲಿಗೇ ಕೈ ನಿಲ್ಲಿಸಿದಳು.

"ನಿಂತಾಗ ನಿಮ್ಮ ತುಟಿ ಅಲ್ಲಾಡಾಕತ್ತಿದ್ದು, ಅಜ್ಜಾ. 'ನಮ್ಮವ್ವ, ನಮ್ಮವ್ವ' ಅಂತ ಮುಂದಿನ ಸಾಲು ಹುಡುಕಾಕತ್ತಿದ್ರಿ. ನಿಮಗ ಮರ್ತಿತ್ತು."

ಮೌಲಾಲಿ ನನ್ನ ಮುಖ ನೋಡಿದ. ಬಾಳೇಶನೂ ನೋಡಿದ.

ನಾನು ಹೆಗಲು ಹಾರಿಸಿದೆ.

"ಮರ್ತಿತ್ತು, ತಂಗಿ. ಪದ ನಿಂತಿತೇನು?"