ಪರದೆ ಹಾಕಿದ ಯೋಗಶಾಲೆ

ಮೈಸೂರಿನ ಯೋಗ ಮೇಷ್ಟ್ರು ಶಿವಮಲ್ಲು ಊರು ಸುತ್ತಲೆಂದು ಕಡಲಾಚೆಯ ಒಂದು ದೇಶಕ್ಕೆ ಹೋದ. ಅಲ್ಲಿನ ಪುಟ್ಟ ಬಂದರು ಪಟ್ಟಣ ಅವನಿಗೆ ಹಿಡಿಸಿತು. ಅಲ್ಲಿಯ ಜನಕ್ಕೆ ಅವನ ಪಾಠ ಹಿಡಿಸಿತು. ಸೊಂಟ ನೋವಿನ ಮೀನುಗಾರರು, ಮಂಡಿ ನೋವಿನ ಅಜ್ಜಿಯರು ಅವನು ತೆರೆದ ಯೋಗಶಾಲೆಗೆ ಒಬ್ಬೊಬ್ಬರಾಗಿ ಬಂದು ಸೇರಿದರು. ಮೈಸೂರಿನಲ್ಲಿ ಹತ್ತರಲ್ಲಿ ಹನ್ನೊಂದಾಗಿದ್ದವನು ಅಲ್ಲಿ ಊರಿಗೇ ಮೇಷ್ಟ್ರಾದ.

ಒಂದೇ ತೊಡಕು. ಅವನಲ್ಲಿದ್ದದ್ದು ಪ್ರವಾಸಿ ವೀಸಾ. ಅದರಲ್ಲಿ ಊರು ನೋಡಬಹುದು, ಫೋಟೋ ತೆಗೆಯಬಹುದು, ಎಳನೀರು ಕುಡಿಯಬಹುದು. ದುಡಿಯುವ ಹಾಗಿಲ್ಲ. ದುಡಿಯಬೇಕಾದರೆ ಕೆಲಸದ ವೀಸಾ ಬೇಕು. ನಮ್ಮ ಮೇಷ್ಟ್ರು ಏನು ಮಾಡಿದ? ಯೋಗಶಾಲೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿಸಿದ! ವೀಸಾ ಮುಗಿಯುತ್ತ ಬಂದಾಗಲೆಲ್ಲ ಬಸ್ಸು ಹತ್ತಿ ಗಡಿ ದಾಟಿ, ಆಚೆ ಒಂದು ಟೀ ಕುಡಿದು, ಪಾಸ್‌ಪೋರ್ಟಿಗೆ ಹೊಸ ಮುದ್ರೆ ಒತ್ತಿಸಿಕೊಂಡು ವಾಪಸು ಬರುತ್ತಿದ್ದ. ಪಾಠ ಮಾತ್ರ ದಿನವೂ ಒಂದೇ ಮಾತಿನಿಂದ ಶುರು: "ಆಸನಕ್ಕಿಂತ ಮೊದಲು ಸತ್ಯ ಕಲಿಯಬೇಕು."

ಪಾಠದ ಕೊನೆಗೆ ಶವಾಸನ. ಎಲ್ಲರೂ ಅಂಗಾತ ಮಲಗಿ, ಕಣ್ಣು ಮುಚ್ಚಿ, ಮೈ ಸಡಿಲ ಬಿಡುತ್ತಿದ್ದರು. ಮೇಷ್ಟ್ರು ಮಾತ್ರ ಬಾಗಿಲ ಕಡೆ ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದ. ಹೊರಗೆ ಬೈಕು ನಿಂತ ಸದ್ದಾದರೆ ಸಾಕು, ಎದ್ದು ಪರದೆಯ ಅಂಚಿನಿಂದ ಇಣುಕುತ್ತಿದ್ದ.

ಒಂದು ದಿನ ಶವಾಸನದ ಹೊತ್ತಿಗೇ ಯಾರೋ ದಬದಬ ಬಾಗಿಲು ಬಡಿದರು. ವೀಸಾ ಅಧಿಕಾರಿಯೇ ಬಂದ ಎಂದುಕೊಂಡ ಶಿವಮಲ್ಲು. ಓಡೋಣವೆಂದರೆ ಹಿಂಬಾಗಿಲಿಲ್ಲ. ಥಟ್ಟನೆ ಶಿಷ್ಯರ ನಡುವೆ ಖಾಲಿಯಿದ್ದ ಚಾಪೆಯ ಮೇಲೆ ಅಂಗಾತ ಬಿದ್ದು ಕಣ್ಣು ಮುಚ್ಚಿದ. ಬಾಗಿಲು ತೆರೆಯಿತು. ಬಂದವನು ಕುಡಿಯುವ ನೀರಿನ ಕ್ಯಾನು ಹಾಕುವವನು. ಕ್ಯಾನು ಇಳಿಸಿ, ಖಾಲಿ ಕ್ಯಾನು ಎತ್ತಿಕೊಂಡು ಹೋದ.

ಪಕ್ಕದ ಚಾಪೆಯಲ್ಲಿ ಬುನ್ಮಾ ಅಜ್ಜಿ ಮಲಗಿದ್ದಳು. ಆ ಕಟ್ಟಡದ ಒಡತಿ ಅವಳೇ. ಒಂದೇ ಕಣ್ಣು ತೆರೆದು ಕೇಳಿದಳು:

"ಮೇಷ್ಟ್ರೇ, ನೀವೂ ಶಿಷ್ಯರಾದರೆ ನಮಗೆ ಪಾಠ ಹೇಳೋರು ಯಾರು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಿವಮಲ್ಲುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂದೇ ನಿಶ್ಚಯಿಸಿದ, ಇದ್ದದ್ದನ್ನು ಇದ್ದ ಹಾಗೆ ಹೇಳಿ ವೀಸಾ ಬದಲಾಯಿಸಿಕೊಳ್ಳಬೇಕು.

ಆ ಊರಲ್ಲಿ ಹೋಟೆಲು ನಡೆಸುತ್ತಿದ್ದ ಗೆಳೆಯ ಕೆಂಪರಾಜುವಿಗೆ ಇದನ್ನು ಕೇಳಿ ಸಿಟ್ಟೇ ಬಂತು.

"ಸುಮ್ಕಿರ್ಲಾ ಮಲ್ಲು! ಎಲ್ರೂ ಮಾಡೋದೇ ತಾನೆ? ನೀನಾಗೇ ಹೋಗಿ ಆಫೀಸರ್ ಮುಂದೆ ನಿಂತ್ರೆ ಕುತ್ತಿಗೆ ಹಿಡ್ದು ಆಚೆಗೆ ದಬ್ತಾರೆ. ಕಟ್ಟಿದ್ ಕ್ಲಾಸೆಲ್ಲ ನೀರ್‌ಪಾಲಾಯ್ತದೆ."

ಅವನ ಮಾತಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಶಿವಮಲ್ಲು ಹೋದ. ಅವನನ್ನು ತಾನೇ ಕೆಲಸಕ್ಕಿಟ್ಟುಕೊಳ್ಳಲು ಒಪ್ಪಿದ ಬುನ್ಮಾ ಅಜ್ಜಿಯೂ ಜೊತೆಗೆ ಬಂದಳು.

ವೀಸಾ ಕಚೇರಿಯ ಅಧಿಕಾರಿ ಪಾಸ್‌ಪೋರ್ಟಿನ ಪುಟಗಳನ್ನು ಮಗುಚಿ ಹಾಕಿದ. ಎಲ್ಲ ಕಡೆ ಪ್ರವಾಸಿಯ ಮುದ್ರೆಗಳೇ.

"ಇಷ್ಟು ಸಲ ಪ್ರವಾಸ ಬಂದಿದ್ದೀರಿ. ನಮ್ಮ ದೇಶದಲ್ಲಿ ಏನೇನು ನೋಡಿದಿರಿ?"

ಜಲಪಾತ, ದ್ವೀಪ, ಗೋಪುರ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಶಿವಮಲ್ಲು ಅದನ್ನು ನುಂಗಿಕೊಂಡ.

"ಏನೂ ನೋಡಿಲ್ಲ ಸಾರ್. ಪರದೆ ಹಾಕಿಕೊಂಡು ಯೋಗ ಕಲಿಸುತ್ತಿದ್ದೆ. ಇನ್ನು ಪರದೆ ತೆಗೆದು ಕಲಿಸಬೇಕು ಅಂತ ಆಸೆ."

ಅಧಿಕಾರಿ ಪಾಸ್‌ಪೋರ್ಟು ಮುಚ್ಚಿ ಅವನ ಕೈಗಿಟ್ಟ. "ದಂಡ ಕಟ್ಟಬೇಕು. ದೇಶ ಬಿಟ್ಟು ಹೋಗಬೇಕು. ನಿಮ್ಮೂರಿನಿಂದ ಕೆಲಸದ ವೀಸಾಕ್ಕೆ ಅರ್ಜಿ ಹಾಕಿ. ಸಿಗುತ್ತದೆಂದು ಮಾತು ಕೊಡಲಾರೆ. ಆದರೆ ಈಗ ಹೇಳಿದ್ದನ್ನೇ ಅಲ್ಲೂ ಹೇಳಿ."

ಶಿವಮಲ್ಲು ಮೈಸೂರಿಗೆ ಬಂದು ಅರ್ಜಿ ಹಾಕಿ ಕಾದ. ತಿಂಗಳುಗಳು ಉರುಳಿದವು. ಒಂದು ದಿನ ಕೆಂಪರಾಜು ಫೋನು ಮಾಡಿದ: "ಎದುರು ಬೀದೀಲೇ ಬೇರೆಯವ್ನು ಯೋಗ ಕ್ಲಾಸ್ ತೆಗ್ದವ್ನೆ. ನಿನ್ ಕತೆ ಮುಗೀತು ಕಣ್ಲಾ." ಶಿವಮಲ್ಲುವಿಗೆ ಅನ್ನ ಸೇರಲಿಲ್ಲ. ಆದರೂ ಅರ್ಜಿಯ ಬಗ್ಗೆ ವಿಚಾರಿಸಿದ ಅಧಿಕಾರಿಗಳಿಗೆಲ್ಲ ಅದೇ ನಿಜವನ್ನು ಹೇಳಿದ.

ಕೊನೆಗೂ ವೀಸಾ ಬಂತು! ಉದ್ಯೋಗ ಎಂಬಲ್ಲಿ 'ಯೋಗ ಶಿಕ್ಷಕ' ಎಂದಿತ್ತು. ಆ ದೇಶದ ವಿಮಾನ ನಿಲ್ದಾಣದಲ್ಲಿ "ಯಾಕೆ ಬಂದಿರಿ?" ಎಂದು ಕೇಳಿದಾಗ, "ಯೋಗ ಕಲಿಸೋಕೆ!" ಎಂದು ಅವನು ಹೇಳಿದ ಜೋರಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು.

ಯೋಗಶಾಲೆ ಬಿಕೋ ಎನ್ನುತ್ತಿರಬಹುದು ಎಂದುಕೊಂಡೇ ಹೋದ. ಬಾಗಿಲು ಹಾರು ಹೊಡೆದಿತ್ತು. ಒಳಗೆ ಬಿಸಿಲೋ ಬಿಸಿಲು. ಬುನ್ಮಾ ಅಜ್ಜಿ ಪರದೆಗಳನ್ನೆಲ್ಲ ಕತ್ತರಿಸಿ, ಕೂರುವ ದಿಂಬುಗಳನ್ನು ಹೊಲಿದಿದ್ದಳು. ಅವುಗಳ ಮೇಲೆ ಹಳೆಯ ಶಿಷ್ಯರೆಲ್ಲ ಕೂತಿದ್ದರು.

"ಎದುರು ಬೀದಿಗೆ ಯಾರೂ ಹೋಗಲಿಲ್ಲವೇ?" ಎಂದು ಕೇಳಿದ ಶಿವಮಲ್ಲು.

"ಹೋಗಿ ನೋಡಿ ಬಂದೆವು. ಆಸನ ಚೆನ್ನಾಗೇ ಹೇಳಿಕೊಡ್ತಾನೆ," ಎಂದಳು ಅಜ್ಜಿ. "ಆದರೆ ಅವನ ಕಿಟಕಿಗೂ ಪರದೆ ಇದೆ!"

ಅಂದು ಪಾಠ ಮುಗಿದು ಶವಾಸನ ಶುರುವಾಯಿತು. ಹೊರಗೆ ಬೈಕು ನಿಂತಿತು. ಯಾರೋ ತೆರೆದ ಬಾಗಿಲನ್ನೇ ಬಡಿದರು. ಶಿಷ್ಯರೆಲ್ಲ ಕಣ್ಣು ತೆರೆದು ಮೇಷ್ಟ್ರ ಕಡೆ ನೋಡಿದರು. ಶಿವಮಲ್ಲು ತನ್ನ ಚಾಪೆಯ ಮೇಲೆ ಅಂಗಾತ ಮಲಗಿ, ಹಾಯಾಗಿ ಗೊರಕೆ ಹೊಡೆಯುತ್ತಿದ್ದ.

ನೀತಿ: ಕದ್ದು ಮಾಡಿದರೆ ಒಳ್ಳೆಯ ಕೆಲಸವೂ ನೆಮ್ಮದಿ ಕೊಡುವುದಿಲ್ಲ. ನಷ್ಟವಾದರೂ ಸರಿ, ನಿಜ ಹೇಳಿ ಮುಂಬಾಗಿಲಿನಿಂದ ಒಳಗೆ ಬಂದವನು ಪರದೇಶದಲ್ಲೂ ತಲೆಯೆತ್ತಿ ಬಾಳುತ್ತಾನೆ, ಕಣ್ತುಂಬ ನಿದ್ದೆ ಮಾಡುತ್ತಾನೆ.