ಹೊಳೆಯ ಅಗಲ

ಬಾಚಯ್ಯ ಗುರುಗಳ ಗುರುಕುಲ ಹೊಳೆಯ ದಂಡೆಯ ಮೇಲಿತ್ತು. ಅದಕ್ಕೆ ಅರಮನೆಯ ಹಂಗಿರಲಿಲ್ಲ, ಮಠದ ಹಂಗೂ ಇರಲಿಲ್ಲ. ಪಟ್ಟಣದ ಮಹಾವಿದ್ಯಾಲಯಕ್ಕೆ ಸೇರಬೇಕೆನ್ನುವ ಮಕ್ಕಳು ಅಲ್ಲಿಗೆ ಬಂದು, ಮೂರು ವರ್ಷ ಇದ್ದು, ತಯಾರಾಗಿ ಹೋಗುತ್ತಿದ್ದರು.

ತಯಾರಿ ಅಂದರೆ ಬರೀ ಓದಲ್ಲ. ಬೆಳಿಗ್ಗೆ ಗಣಿತ, ಆಮೇಲೆ ವ್ಯಾಕರಣ. ನಡುವೆ ನೀರು ಸೇದುವುದು, ಅಂಗಳ ಗುಡಿಸುವುದು, ಹಂಪವ್ವನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು. ಎಂಥ ದೊಡ್ಡವರ ಮಗನಾದರೂ ಸರಿ, ಸರದಿ ಬಂದ ದಿನ ಸೌಟು ಹಿಡಿದು ಬಡಿಸಲೇಬೇಕು.

ಇಷ್ಟೆಲ್ಲ ಬೇರೆ ಕಡೆಯೂ ಇದ್ದೀತು. ಆದರೆ ಮಧ್ಯಾಹ್ನದ ಪಂಕ್ತಿ ಮಾತ್ರ ಈ ಗುರುಕುಲದ್ದೇ.

ಊಟ ಶುರುವಾಗುವ ಮೊದಲು ಒಬ್ಬೊಬ್ಬರೂ ಎದ್ದು ನಿಂತು, ತನಗೆ ತಿಳಿಯದ ಒಂದು ಸಂಗತಿ ಹೇಳಬೇಕು. ಅದನ್ನು ಬಲ್ಲವರು ಎದ್ದು ಬಂದು, ಅವನ ಪಕ್ಕದಲ್ಲೇ ಎಲೆ ಹಾಕಿಕೊಂಡು, ಉಣ್ಣುತ್ತಾ ಹೇಳಿಕೊಡಬೇಕು. ಬಲ್ಲವರು ಯಾರೂ ಇಲ್ಲದಿದ್ದರೆ ಆ ಪ್ರಶ್ನೆ ಗುರುಕುಲಕ್ಕೆಲ್ಲ ಸೇರಿದ್ದು, ಎಲ್ಲರೂ ಉತ್ತರ ಹುಡುಕಬೇಕು. ತಿಳಿಯದ್ದು ಏನೂ ಇಲ್ಲದವನು 'ಇಲ್ಲ' ಅಂದು ಕೂತುಬಿಡಬಹುದು.

ಕೇಳುವುದಕ್ಕೆ ಅಲ್ಲಿ ಯಾರಿಗೂ ನಾಚಿಕೆ ಇರಲಿಲ್ಲ. ಸಾರಿನ ಹಬೆ ಯಾಕೆ ಮೇಲಕ್ಕೇ ಹೋಗುತ್ತದೆ ಅಂತ ಹಂಪವ್ವ ಒಮ್ಮೆ ಕೇಳಿದ್ದಳು. ಇನ್ನೊಮ್ಮೆ ಗುರುಗಳೇ ಎದ್ದು ನಿಂತು, ದೋಣಿ ಕಟ್ಟುವ ಗಂಟು ಹೇಗೆ ಹಾಕುವುದು ಅಂತ ಕೇಳಿ, ಅಂಬಿಗರ ಮನೆಯ ಶಿಷ್ಯನ ಪಕ್ಕ ಕೂತು ಉಂಡಿದ್ದರು. ಅಂಥ ಗುರುಗಳು ನೋಡಿ!

ಅಲ್ಲಿ ಸೋವಿದೇವ ಅಂತ ಒಬ್ಬ ಶಿಷ್ಯನಿದ್ದ. ಬಲು ಜಾಣ. ಗುರುಗಳು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಅವನ ಬಾಯಲ್ಲಿ ಇರುತ್ತಿತ್ತು. ಪಂಕ್ತಿಯಲ್ಲಿ ಯಾರು ಏನು ಕೇಳಿದರೂ ಎಲೆ ಎತ್ತಿಕೊಂಡು ಮೊದಲು ಏಳುವವನು ಅವನೇ. ಹೇಳಿಕೊಡುವುದರಲ್ಲೂ ಎತ್ತಿದ ಕೈ.

ಆದರೆ ತನ್ನ ಸರದಿ ಬಂದಾಗ 'ಇಲ್ಲ' ಅನ್ನುತ್ತಿದ್ದ. ಮೂರು ವರ್ಷ, ದಿನಕ್ಕೊಂದರಂತೆ, ಬರೀ 'ಇಲ್ಲ'.

ಕೇತ ಅಂತ ಇನ್ನೊಬ್ಬ. ಕುಂಬಾರರ ಮನೆಯವನು, ಅದೇ ವಯಸ್ಸಿನವನು. ಅವನ ತಲೆಗೆ ಪಾಠ ಹತ್ತುವುದು ನಿಧಾನ. ಒಂದು ತಿಳಿಯಲಿಲ್ಲ ಅಂತ ಎದ್ದರೆ ಅದರ ಹಿಂದೆ ಇನ್ನೂ ಮೂರು ಇರುತ್ತಿದ್ದವು. ಅವನ ಪಕ್ಕ ಕೂತು ಕೂತು ಸೋವಿದೇವನಿಗೆ ಅವನ ಎಲೆಯ ಉಪ್ಪು ಎಲ್ಲಿರುತ್ತದೆ ಅನ್ನುವುದೂ ಬಾಯಿಪಾಠವಾಗಿತ್ತು. ಪಾಪ, ಒಳ್ಳೆಯವನು, ಆದರೆ ಇವನಿಗೆ ಮಹಾವಿದ್ಯಾಲಯ ಯಾಕೆ ಬೇಕು ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದ.

ಮೂರನೆಯ ವರ್ಷ ಮುಗಿಯುತ್ತಾ ಬಂತು. ಪಟ್ಟಣಕ್ಕೆ ಹೊರಡಲು ಐದು ದಿನ ಉಳಿದಿತ್ತು. ಗುರುಗಳು ತಮ್ಮ ಕೈಯಾರೆ ಬರೆದ ಓಲೆ ಇಲ್ಲದೆ ಮಹಾವಿದ್ಯಾಲಯದವರು ಯಾರನ್ನೂ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಕೇತನಿಗೆ ಮೂರು ಗರಿಯ ಓಲೆ ಸಿಕ್ಕಿತು, ಎರಡೂ ಬದಿ ತುಂಬಾ ಬರೆದದ್ದು.

ಸೋವಿದೇವನ ಸರದಿ ಬಂದಾಗ ಗುರುಗಳ ಮುಂದೆ ಖಾಲಿ ಗರಿ ಇತ್ತು. ಬರೆಯುವ ಕಂಟ ಪಕ್ಕದಲ್ಲಿ ಬಿದ್ದಿತ್ತು.

"ನಿನ್ನ ಬಗ್ಗೆ ಬರೆಯೋಕೆ ನನ್ನ ಹತ್ತಿರ ಏನೂ ಇಲ್ಲವಲ್ಲಪ್ಪಾ," ಅಂದರು.

ಸೋವಿದೇವ ಖಾಲಿ ಗರಿಯನ್ನೇ ನೋಡಿದ. ತಾನು ಕಲಿತದ್ದನ್ನೆಲ್ಲ ಬರೆಯಬಹುದಲ್ಲ ಅಂತ ಕೇಳಿದ. ಗುರುಗಳು ಮಹಾವಿದ್ಯಾಲಯದಿಂದ ಬಂದ ಪತ್ರ ತೋರಿಸಿದರು. ಶಿಷ್ಯನಿಗೆ ಏನು ಗೊತ್ತು ಅನ್ನುವುದನ್ನು ನಾವೇ ಪರೀಕ್ಷೆ ಮಾಡಿ ತಿಳಿದುಕೊಳ್ಳುತ್ತೇವೆ, ಅವನು ಏನೇನು ಕೇಳಿದ ಅನ್ನುವುದನ್ನಷ್ಟೇ ನೀವು ಬರೆದು ಕಳಿಸಿ ಅಂತ ಅದರಲ್ಲಿತ್ತು.

"ಇನ್ನೂ ಐದು ದಿನ ಇದೆ," ಅಂದರು ಗುರುಗಳು. ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ.

ಸೋವಿದೇವನಿಗೆ ದುಃಖ, ಸಿಟ್ಟು ಎರಡೂ ಒಟ್ಟಿಗೇ ಬಂದವು. ಮೂರು ವರ್ಷ ಎಲ್ಲರಿಗೂ ಹೇಳಿಕೊಟ್ಟವನಿಗೆ ಇದೇನಾ ಸಿಗುವುದು? ಕೇಳಿದ್ದು ಬೇಕು ತಾನೆ, ಕೇಳಿದರಾಯಿತು ಅಂದುಕೊಂಡ. ತಿಳಿಯದ್ದು ಏನಿದೆ ಅಂತ ಕೂತು ಹುಡುಕಿದ. ಸಿಗಲಿಲ್ಲ. ಕೊನೆಗೆ ತನಗೆ ತಿಳಿದದ್ದನ್ನೇ ಒಂದು ಆರಿಸಿಕೊಂಡ.

ಮರುದಿನ ಪಂಕ್ತಿಯಲ್ಲಿ ಎದ್ದು ನಿಂತ.

"ಹೊಳೆ ದಾಟದೆ ಅದರ ಅಗಲ ಅಳೆಯೋದು ಹೇಗೆ? ನನಗೆ ತಿಳಿಯಲಿಲ್ಲ."

ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಗುರುಕುಲದ ಅಟ್ಟದಲ್ಲಿದ್ದ ಹಳೆಯ ಗ್ರಂಥ ಒಂದರಲ್ಲಿ ಓದಿ, ಗೂಟ ನೆಟ್ಟು, ಹಗ್ಗ ಹಿಡಿದು, ತ್ರೈರಾಶಿಯ ಲೆಕ್ಕ ಹಾಕಿ, ಒಬ್ಬನೇ ಅಳೆದು ನೋಡಿದ್ದ. ಇನ್ನೂರ ಹನ್ನೊಂದು ಹೆಜ್ಜೆ. ಗುರುಗಳೂ ಸೇರಿ ಬೇರೆ ಯಾರೂ ಆ ಗ್ರಂಥ ಮುಟ್ಟಿರಲಿಲ್ಲ. ಅದಕ್ಕೇ ಆ ಪ್ರಶ್ನೆ ಆರಿಸಿದ್ದು. ಯಾರೂ ಏಳುವುದಿಲ್ಲ, ಪ್ರಶ್ನೆ ಅಷ್ಟು ದೊಡ್ಡದು ಅಂತ ಓಲೆಯಲ್ಲಿ ಬರೆಸಿಕೊಳ್ಳಬಹುದು ಅನ್ನುವ ಲೆಕ್ಕಾಚಾರ.

ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೋವಿದೇವನ ಬಾಯಲ್ಲಿ 'ತಿಳಿಯಲಿಲ್ಲ' ಅನ್ನುವ ಮಾತನ್ನು ಯಾರೂ ಕೇಳಿರಲಿಲ್ಲ. ಸಾರು ಬಡಿಸುತ್ತಿದ್ದ ಹಂಪವ್ವ ಸೌಟು ಹಿಡಿದಲ್ಲೇ ನಿಂತಳು.

ಕೇತ ಎಲೆ ಎತ್ತಿಕೊಂಡು ಬಂದು ಅವನ ಪಕ್ಕದಲ್ಲಿ ಕೂತ.

"ನನಗೂ ಗೊತ್ತಿಲ್ಲ," ಅಂದ. "ಆದರೂ ಬಂದೆ. ನೀನು ಒಬ್ಬನೇ ಯಾಕೆ ಉಣ್ಣಬೇಕು?"

ಅವತ್ತು ಮಧ್ಯಾಹ್ನದಿಂದಲೇ ಗುರುಕುಲಕ್ಕೆ ಹಬ್ಬ ಬಂದಂತಾಯಿತು. ಚಿಕ್ಕವರು ದೊಡ್ಡವರು ಅನ್ನದೆ ಎಲ್ಲರೂ ದಂಡೆಗೆ ಬಂದರು. ಒಬ್ಬ ಕವಣೆಯಲ್ಲಿ ಕಲ್ಲು ಬೀಸಿದ, ಅದು ನಡುನೀರಿಗೂ ಮುಟ್ಟಲಿಲ್ಲ. ಇನ್ನೊಬ್ಬ ಕೂಗು ಹಾಕಿ ಪ್ರತಿಧ್ವನಿಗೆ ಕಾದ. ಆಚೆ ದಡದ ದನಗಳು ಎಷ್ಟು ಚಿಕ್ಕದಾಗಿ ಕಾಣುತ್ತವೆ ನೋಡಿ, ಅದರ ಮೇಲೆ ಹೇಳಬಹುದಲ್ಲ ಅಂತ ಹಂಪವ್ವ ಸೂಚಿಸಿದಳು. ಸೋವಿದೇವನಿಗೆ ತಿಳಿಯದ ಸಂಗತಿ ಅಂದ ಮೇಲೆ ಸುಮ್ಮನೆ ಬಿಡುವುದುಂಟೆ?

ಸೋವಿದೇವ ದಂಡೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಮೊದಲ ದಿನ ನಗು ಬಂತು. ಎರಡನೆಯ ದಿನ ಬರಲಿಲ್ಲ.

ಯಾಕೆಂದರೆ ಎರಡನೆಯ ದಿನ ಉಳಿದವರು ಪಾಠಕ್ಕೆ ಹೋದರೂ ಕೇತ ಹೋಗಲಿಲ್ಲ. ಬೆಳಿಗ್ಗೆಯಿಂದ ನೀರಿನ ಅಂಚಿನಲ್ಲೇ ನಿಂತಿದ್ದ. ಕೇತನಿಗೆ ವ್ಯಾಕರಣ ಅಂದರೆ ಕಬ್ಬಿಣದ ಕಡಲೆ, ಕಾರಕದ ಪಾಠ ಇನ್ನೂ ಅರ್ಧ ಬಾಕಿ ಇತ್ತು, ಪರೀಕ್ಷೆಯಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ. ಇದು ಸೋವಿದೇವನಿಗೆ ಗೊತ್ತು. ಹೋಗಿ ಓದಿಕೋ, ಇದೆಲ್ಲ ಬಿಡು ಅಂತ ಎರಡು ಸಲ ಹೇಳಿದ. ಕೇತ ತಲೆ ಕೂಡ ತಿರುಗಿಸಲಿಲ್ಲ.

ನಿಜ ಹೇಳಿಬಿಡಬೇಕು ಅಂತ ನಾಲಿಗೆಯ ತುದಿಗೆ ಬಂತು. ಹೇಳಿದರೆ ಓಲೆ ಹೋಯಿತು. ಓಲೆ ಹೋದರೆ ಮೂರು ವರ್ಷ ನೀರಿನಲ್ಲಿ ಹೋಮ. ನುಂಗಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಕೇತ ಓಡೋಡಿ ಬಂದು ಅವನ ಕೈ ಹಿಡಿದು ಎಳೆದುಕೊಂಡು ಹೋದ.

ನೀರಿನ ಅಂಚಿನಲ್ಲಿ ನಿಂತು ಒಂದು ಕೋಲನ್ನು ಗದ್ದದ ಕೆಳಗೆ ಊರಿಕೊಂಡ, ತಲೆ ಅಲುಗಾಡದ ಹಾಗೆ. ಅಂಗೈಯನ್ನು ಹುಬ್ಬಿನ ಮೇಲೆ ಮರೆಯಾಗಿ ಹಿಡಿದು, ಅದರ ಅಂಚು ಆಚೆ ದಡದ ನೀರಿನ ಗೆರೆಗೆ ಸರಿಯಾಗಿ ತಾಗುವವರೆಗೆ ಇಳಿಸಿದ. ಆಮೇಲೆ ತಲೆ, ಕೈ, ಕೋಲು ಯಾವುದನ್ನೂ ಕದಲಿಸದೆ, ಮಡಕೆ ಮಾಡುವ ತಿಗರಿಯ ಹಾಗೆ ನಿಂತಲ್ಲೇ ತಿರುಗಿದ. ಈಗ ಅಂಗೈಯ ಅಂಚು ಈಚೆ ದಂಡೆಯ ಸಮತಟ್ಟು ಮರಳಿನ ಮೇಲೆ ಎಲ್ಲೋ ಒಂದು ಕಡೆ ತಾಗಿತು. ಅಲ್ಲೊಂದು ಕಲ್ಲಿಡಿಸಿದ.

"ಆಚೆ ದಡ ಎಷ್ಟು ದೂರವೋ ಈ ಕಲ್ಲೂ ಅಷ್ಟೇ ದೂರ," ಅಂದ. "ಇದನ್ನು ಅಳೆಯೋಕೆ ಹೊಳೆ ದಾಟಬೇಕಾಗಿಲ್ಲ."

ಇಬ್ಬರೂ ಹೆಜ್ಜೆ ಹಾಕಿ ಎಣಿಸಿದರು. ಇನ್ನೂರ ಎಂಟು.

ಸೋವಿದೇವ ಕಲ್ಲಿನ ಹತ್ತಿರವೇ ನಿಂತುಬಿಟ್ಟ. ಗೂಟ ಇಲ್ಲ, ಹಗ್ಗ ಇಲ್ಲ, ತ್ರೈರಾಶಿ ಇಲ್ಲ. ಗ್ರಂಥದ ಲೆಕ್ಕಕ್ಕೂ ಇದಕ್ಕೂ ಮೂರೇ ಹೆಜ್ಜೆ ವ್ಯತ್ಯಾಸ. ಗುರುಕುಲದ ಅತಿ ಚಿಕ್ಕವನಿಗೂ ಒಂದೇ ಸಲಕ್ಕೆ ಕಲಿಸಬಹುದು. ಇಂಥದ್ದು ತನಗೆ ಏಳು ಜನ್ಮಕ್ಕೂ ತೋಚುತ್ತಿರಲಿಲ್ಲ ಅನ್ನಿಸಿತು. 

ಕೇತನ ಕಣ್ಣಲ್ಲಿ ನೀರು ತುಂಬಿತ್ತು. "ಮೂರು ವರ್ಷ ನೀನೇ ಕೊಟ್ಟೆ, ನಾನು ಬರೀ ಇಸಕೊಂಡೆ," ಅಂದ. "ಹೋಗೋ ಮೊದಲು ಒಂದಾದರೂ ನಿನಗೆ ಕೊಟ್ಟೆನಲ್ಲ, ನನಗೆ ಅಷ್ಟೇ ಸಾಕು."

ಸೋವಿದೇವ ಮುಖ ತಿರುಗಿಸಿ ಹೊಳೆಯ ಕಡೆ ನೋಡಿದ. 

ಮಧ್ಯಾಹ್ನ ಪಂಕ್ತಿಯಲ್ಲಿ ಕೇತ ತಾನು ಕಂಡುಕೊಂಡ ಉಪಾಯ ಹೇಳಿದ. ಎಲ್ಲರೂ ಹೋ ಅಂದರು, ಹಂಪವ್ವ ಅವನ ಎಲೆಗೆ ತುಪ್ಪ ಸುರಿದಳು. ಗುರುಗಳು ಎದ್ದು ಬಂದು ಕೇತನ ಬೆನ್ನು ತಟ್ಟಿ ಹೋದರು.

ಆಗ ಸೋವಿದೇವ ಎದ್ದು ನಿಂತ. 

"ನಾನು ಕೇಳಿದ್ದು ಸುಳ್ಳು," ಅಂದ. "ಅಳೆಯೋ ದಾರಿ ನನಗೆ ಮೊದಲೇ ಗೊತ್ತಿತ್ತು. ಓಲೆಗೋಸ್ಕರ ಕೇಳಿದೆ."

 ಹಂಪವ್ವ ಅವನನ್ನೇ ಒಂದು ಸಲ ನೋಡಿ, ತುಪ್ಪದ ಗಿಂಡಿ ಎತ್ತಿಕೊಂಡು ಒಳಗೆ ಹೋದಳು. ಕೇತ ತಲೆ ತಗ್ಗಿಸಿಕೊಂಡು ಎಲೆಯಲ್ಲಿದ್ದದ್ದನ್ನು ಪೂರ್ತಿ ಉಂಡ. ಎಲೆ ಮಡಚಿ ಎದ್ದು ಹೋದ. ಬೈದಿದ್ದರೆ ಸೋವಿದೇವನಿಗೆ ಎಷ್ಟೋ ಹಗುರವಾಗುತ್ತಿತ್ತು.

 ಗುರುಗಳೂ ಕೈ ತೊಳೆದು ತಮ್ಮ ಗುಡಿಸಲಿಗೆ ನಡೆದರು.

ಸೋವಿದೇವ ವ್ಯಾಕರಣದ ಪುಸ್ತಕ ಹಿಡಿದು ಕೇತನನ್ನು ಹುಡುಕಿಕೊಂಡು ಹೋದ. ಅವನು ಗುರುಗಳ ಗುಡಿಸಲಿನ ಹಿಂದಿನ ಹಲಸಿನ ಮರದ ಬುಡದಲ್ಲಿ ಒಬ್ಬನೇ ಕೂತಿದ್ದ. ನಿನ್ನಿಂದ ನನ್ನ ಎರಡು ದಿನ ಮಣ್ಣುಪಾಲಾಯಿತು, ಹೋಗು ಇಲ್ಲಿಂದ ಅಂದ. ಹೇಳಿದ್ದರಲ್ಲಿ ತಪ್ಪೇನಿತ್ತು? ಸೋವಿದೇವ ಹೋಗಲಿಲ್ಲ, ಸ್ವಲ್ಪ ದೂರದಲ್ಲಿ ಕೂತ.

ಬಹಳ ಹೊತ್ತಾದ ಮೇಲೆ ಕೇಳಿದ: "ನಿಂತಲ್ಲೇ ತಿರುಗೋದು ನಿನಗೆ ಹೇಗೆ ತೋಚಿತು?"

ಕೇತ ಅವನ ಮುಖವನ್ನೇ ದಿಟ್ಟಿಸಿದ. "ಇದನ್ನೂ ಗೊತ್ತಿದ್ದೇ ಕೇಳ್ತಿದ್ದೀಯಾ?"

"ಇಲ್ಲ. ಇದು ನನಗೆ ಗೊತ್ತಿಲ್ಲ."

ಆ ಮಾತು ಹೇಳುವಾಗ ಅವನ ದನಿ ಎಷ್ಟು ಸಣ್ಣದಾಗಿತ್ತು ಅಂದರೆ, ಕೇತನ ಸಿಟ್ಟು ಅರ್ಧ ಅಲ್ಲಿಯೇ ಇಳಿಯಿತು. ತೋಚಿದ್ದೇನೂ ಇಲ್ಲ, ಆಚೆ ದಡ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು, ಹಾಗೇ ಮನೆ ಕಡೆ ತಿರುಗಿದೆ, ಆಗ ಕಂಡಿತು ಅಂದ. ಅಷ್ಟು ಹೇಳುವಷ್ಟರಲ್ಲಿ ಅವನಿಗೇ ನಗು ಬಂತು. ಸೋವಿದೇವನಿಗೂ ಬಂತು.

ಹೊತ್ತು ಮುಳುಗುವವರೆಗೂ ಇಬ್ಬರೂ ಆ ಮರದ ಕೆಳಗೇ ಇದ್ದರು. ಮರುದಿನವೂ ಅಲ್ಲೇ. ಕಾರಕದ ಪಾಠ ಮುಗಿಯಿತು. ಈ ಸಲ ಸೋವಿದೇವ ಒಂದೊಂದು ಸೂತ್ರ ಹೇಳಿದ ಮೇಲೂ, ಇದು ನಿನಗೆ ಹೇಗೆ ಕಾಣುತ್ತದೆ ಅಂತ ಕೇಳುತ್ತಿದ್ದ. ಕೇತ ಹೇಳಿದ್ದರಲ್ಲಿ ಅರ್ಧಕ್ಕರ್ಧ ಅವನು ಯಾವ ಪುಸ್ತಕದಲ್ಲೂ ಓದಿರದ ಮಾತು. ಇಂಥವನ ಪಕ್ಕ ಏನೂ ಕೇಳದೆ ಮೂರು ವರ್ಷ ಉಂಡೆನಲ್ಲ ಅಂತ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಹೊರಡುವ ದಿನ ಬೆಳಿಗ್ಗೆ ಎಲ್ಲರೂ ಗಂಟು ಕಟ್ಟಿಕೊಂಡು ಅಂಗಳದಲ್ಲಿ ನಿಂತರು. ಸೋವಿದೇವ ಗಂಟು ಕಟ್ಟಿರಲಿಲ್ಲ. ಗುರುಗಳ ಬಳಿ ಹೋಗಿ ಕಾಲಿಗೆ ಎರಗಿದ. ಓಲೆ ಬೇಡ, ಅದು ತನಗೆ ಸಲ್ಲುವುದಲ್ಲ ಅಂದ. ಕೇತನ ಗಂಟು ಹೊತ್ತುಕೊಂಡು ಪಟ್ಟಣದವರೆಗೆ ಹೋಗಿ, ಅವನನ್ನು ಮಹಾವಿದ್ಯಾಲಯದ ಬಾಗಿಲಿಗೆ ಬಿಟ್ಟು ಬರುತ್ತೇನೆ, ಅಪ್ಪಣೆ ಕೊಡಿ ಅಂದ.

ಗುರುಗಳು ಕೂರಲು ಹೇಳಿದರು. ಗರಿ ಎಳೆದುಕೊಂಡು ಬರೆಯತೊಡಗಿದರು. ಒಂದು ಬದಿ ತುಂಬಿತು. ತಿರುಗಿಸಿ ಇನ್ನೊಂದು ಬದಿ ಬರೆದರು. ಎರಡನೆಯ ಗರಿ ತೆಗೆದುಕೊಂಡರು.

ಸೋವಿದೇವನಿಗೆ ತಡೆಯಲಾಗಲಿಲ್ಲ.

"ಏನು ಬರೀತಿದ್ದೀರಿ ಗುರುಗಳೇ? ಮೂರು ವರ್ಷಕ್ಕೆ ಪಂಕ್ತಿಯಲ್ಲಿ ನಾನು ಕೇಳಿದ್ದೇ ಒಂದು. ಅದೂ ಗೊತ್ತಿದ್ದದ್ದು."

ಗುರುಗಳು ಬರೆಯುವುದನ್ನು ನಿಲ್ಲಿಸದೆ ಹಲಸಿನ ಮರದ ಕಡೆ ಒಮ್ಮೆ ಕಣ್ಣು ಹಾಯಿಸಿದರು.

"ಹೊಳೆ ನಿನಗೆ ಗೊತ್ತಿತ್ತು ಕಣಪ್ಪಾ," ಅಂದರು. "ಕೇತ ಗೊತ್ತಿದ್ದನಾ?"