ಮೂಡಲಿಗೆ ಬೆನ್ನು ಹಾಕಿದ ಚೌರಪ್ಪ

ಪರಲೋಕದ ಬಾಗಿಲು ಯಾರಿಗೆ ತೆರೆಯುತ್ತದೆ, ನರಕಕ್ಕೆ ಯಾರು ಇಳಿಯುತ್ತಾರೆ, ಎರಡರ ನಡುವೆ ಆತ್ಮ ಎಲ್ಲಿ ತಂಗುತ್ತದೆ ಎಂಬುದೆಲ್ಲ ಇನ್ನಾಸಪ್ಪನಿಗೆ ಬಾಯಿಪಾಠ. ಈ ಲೋಕದ ಪೂರ್ವ ಪಶ್ಚಿಮಗಳಲ್ಲಿ ಮಾತ್ರ ಅವನು ಒಮ್ಮೆ ಎಡವಿದ.

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಕ್ರೈಸ್ತ ಆಶ್ರಮವಿತ್ತು. ಅಲ್ಲಿ ಅರುಳಯ್ಯ ಎಂಬ ಮುದಿ ಗುರುಗಳಿದ್ದರು. ಇನ್ನಾಸಪ್ಪ ಅವರ ಶಿಷ್ಯ. ಆರು ವರ್ಷದಿಂದ ಜೊತೆಗಿದ್ದ, ಪುಸ್ತಕಗಳನ್ನು ಅರೆದು ಕುಡಿದಿದ್ದ.

ಹೊಳೆಯಾಚೆಯ ಹಳ್ಳಿಯಲ್ಲಿ ಚೌರಪ್ಪ ತೀರಿಕೊಂಡ. ಕತ್ತಾಳೆ ನಾರಿನ ಹಗ್ಗ ಹೊಸೆದು ಬದುಕಿದ ಮನುಷ್ಯ. ಊರಿನ ಗುಂಡಿ ತೋಡುವವನಿಗೆ ಜ್ವರ ಬಂದಿತ್ತು, ಗುರುಗಳಿಗೆ ಮಂಡಿ ನೋವು. ಹಾಗಾಗಿ ಇನ್ನಾಸಪ್ಪನೇ ಹೋಗಿ ಗುಂಡಿ ತೆಗೆಸಿ, ಪ್ರಾರ್ಥನೆ ಹೇಳಿ, ಮಣ್ಣು ಮಾಡಿಸಿ ಬಂದ.

ಮೂರನೆಯ ದಿನ ಬೆಳಿಗ್ಗೆ ಚೌರಪ್ಪನ ಹೆಂಡತಿ ಲೂರ್ದಮ್ಮ ಆಶ್ರಮದ ಅಂಗಳಕ್ಕೆ ಬಂದಳು. ಕೈಯಲ್ಲಿ ಗುದ್ದಲಿ ಇತ್ತು.

"ಸ್ವಾಮೇರೆ, ನಮ್ಮನೆಯವ್ರನ್ನ ತಿರುಗಾಮುರುಗಾ ಮಲಗ್ಸವ್ರೆ," ಎಂದಳು.

"ಹೇಗೆ ಗೊತ್ತಾಯ್ತು ತಾಯಿ?" ಎಂದರು ಗುರುಗಳು.

"ಸಮಾಧಿಗೆ ಹೂವು ಇಡೋಣ ಅಂತ ಹೋಗಿದ್ದೆ. ಎಲ್ಲರ ಶಿಲುಬೇನೂ ಪಡುವಲ ತುದೀಲಿ ಐತೆ. ಇವ್ರದೊಂದೇ ಮೂಡಲ ತುದೀಲಿ."

ಇನ್ನಾಸಪ್ಪನ ಮುಖ ಸುಣ್ಣದಂತೆ ಬಿಳಿಚಿಕೊಂಡಿತು.

ಆ ಕಡೆಯ ಕ್ರೈಸ್ತರಲ್ಲಿ ಒಂದು ಪದ್ಧತಿ ಉಂಟು. ಸತ್ತವರ ತಲೆ ಪಡುವಲಿಗೆ, ಕಾಲು ಮೂಡಲಿಗೆ. ಶಿಲುಬೆ ನೆಡುವುದು ತಲೆಯ ಕಡೆ. ಕಡೆಯ ದಿನ ತುತ್ತೂರಿ ಊದಿದಾಗ ಯೇಸುಸ್ವಾಮಿ ಮೂಡಲಿನಿಂದ ಬರುತ್ತಾನೆ, ಎದ್ದು ಕೂತವರಿಗೆ ಅವನ ಮುಖ ಎದುರಿಗೇ ಕಾಣಬೇಕು ಎಂಬುದು ನಂಬಿಕೆ. ಗುರುಗಳನ್ನು ಮಾತ್ರ ತಿರುಗಿಸಿ ಮಲಗಿಸುತ್ತಾರೆ. ಎದ್ದಾಗ ಅವರು ತಮ್ಮ ಜನರ ಕಡೆ ನೋಡಬೇಕಲ್ಲ!

ಇನ್ನಾಸಪ್ಪ ಅಲ್ಲಿಯವರೆಗೆ ತೆಗೆಸಿದ್ದು ಎರಡೇ ಗುಂಡಿ. ಎರಡೂ ಆಶ್ರಮದ ಹಿರಿಯ ಗುರುಗಳದು. ಕೈಗೆ ಅದೇ ರೂಢಿಯಾಗಿತ್ತು. "ತಲೆ ಈ ಕಡೆ" ಎಂದು ಅವನು ಹೇಳಿದ. ಆಶ್ರಮದವರೇ ಹೇಳಿದ ಮೇಲೆ ಸರಿಯಿರಬೇಕೆಂದು ಹೊತ್ತವರು ತಲೆಯಾಡಿಸಿದರು. ಹಗ್ಗ ಹೊಸೆಯುವ ಚೌರಪ್ಪ ಗುರುಗಳ ಹಾಗೆ ಮಲಗಿಬಿಟ್ಟ.

"ಅಮ್ಮಾ, ದಿಕ್ಕಿನಿಂದ ಏನೂ ಆಗುವುದಿಲ್ಲ," ಎಂದು ಇನ್ನಾಸಪ್ಪ ಗಡಿಬಿಡಿಯಿಂದ ಹೇಳಿದ. "ಮಣ್ಣಿನಲ್ಲಿ ಇರುವುದು ದೇಹ ಮಾತ್ರ. ಆತ್ಮ ಆಗಲೇ ದೇವರ ಬಳಿಗೆ ಹೋಗಿದೆ. ಕಡೆಯ ದಿನ ದೇವರು ಎರಡನ್ನೂ ಕೂಡಿಸುತ್ತಾನೆ. ಸಮುದ್ರದಲ್ಲಿ ಮುಳುಗಿದವರನ್ನೂ ಬೆಂಕಿಯಲ್ಲಿ ಬೂದಿಯಾದವರನ್ನೂ ಎಬ್ಬಿಸುವವನಿಗೆ ಮೂಡಲೇನು, ಪಡುವಲೇನು?"

ಲೂರ್ದಮ್ಮ ಅವನನ್ನೇ ನೋಡಿದಳು.

"ಹಂಗಾರೆ ಮಿಕ್ಕೋರ್ನೆಲ್ಲ ಯಾಕಪ್ಪಾ ಒಂದೇ ಕಡೆ ಮಲಗಿಸ್ತೀರಿ?"

ಇನ್ನಾಸಪ್ಪ ಗುರುಗಳ ಕಡೆ ತಿರುಗಿದ.

"ದೇಹ ಮಾತ್ರ ಅಂದ್ಯಲ್ಲ," ಎಂದಳು ಅವಳು. "ಬಿಸಿನೀರು ಕಾಯ್ಸಿ, ಬೆರಳು ಬೆರಳು ಬಿಡಿಸಿ ತೊಳೆದ್ನಲ್ಲ ನಾನು, ಅದು ಯಾರು? ಮದುವೆ ಅಂಗಿ ತೊಡಿಸಿದ್ನಲ್ಲ, ಅದು ಯಾರಿಗೆ?"

"ಚೌರಪ್ಪನಿಗೇ ತಾಯಿ," ಎಂದರು ಗುರುಗಳು. "ನೀನು ತೊಳೆದದ್ದು ಅವನನ್ನೇ. ದೇವರ ಹತ್ತಿರ ಇರೋನೂ ಅವನೇ. ಅವನ ಯಾವ ಭಾಗಾನೂ ದೇವರಿಗೆ ಬೇಡದ್ದಲ್ಲ."

ಲೂರ್ದಮ್ಮ ಗುದ್ದಲಿಯನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕುಸಿದು ಕೂತಳು.

"ನನ್ನ ಹೆದರಿಕೆ ನಿಮಗೆ ಗೊತ್ತಿಲ್ಲ ಸ್ವಾಮೇರೆ. ಅವ್ರು ಪೂಜೆಗೆ ಬರ್ತಿರ್ಲಿಲ್ಲ. ನಾನು ಒಳಗಿದ್ರೆ ಅವ್ರು ಹೊರಗೆ, ದೇವಾಲಯದ ಬಾಗಿಲಿಗೆ ಬೆನ್ನು ಮಾಡ್ಕೊಂಡು ಬೀಡಿ ಸೇದ್ತಿದ್ರು. ಬದುಕಿದ್ದಾಗ ಹಂಗೆ. ಈಗ ಕಡೇ ದಿನಾನೂ ಬೆನ್ನು ಮಾಡ್ಕೊಂಡೇ ಎದ್ರೆ, ಇವನು ಬೇಕಂತಲೇ ಮಾಡ್ದ ಅಂತ ಯೇಸುಸ್ವಾಮಿ ಅನ್ಕೊಳಲ್ವಾ? ಇವ್ರನ್ನ ಬಿಟ್ಟು ಮುಂದಕ್ಕೆ ಹೋಗ್ಬಿಟ್ರೆ?"

ಇಷ್ಟು ಹೇಳಿದರೂ ಅವಳ ಕಣ್ಣಲ್ಲಿ ನೀರಿರಲಿಲ್ಲ. ಚೌರಪ್ಪ ಸತ್ತಾಗಿನಿಂದ ಅವಳು ಅತ್ತೇ ಇರಲಿಲ್ಲ.

"ಪರಲೋಕಕ್ಕೆ ಹೋಗೋ ಮುಂಚೆ ಉತ್ತರಿಸೋ ಸ್ಥಳದಲ್ಲಿ ಆತ್ಮ ಕೊಳೆ ಕಳಕೊಳ್ಳೋವರೆಗೂ ಇರಬೇಕಂತೆ," ಎಂದಳು ಅವಳು. "ಅದು ಬೇರೆ ಐತೆ. ಅಲ್ಲಿ ಎಷ್ಟು ದಿನ ಇರಬೇಕೋ ಏನೋ."

"ನೆಂಟರ ಮನೆಗೆ ಹೋದಾಗ ಬಾಗಿಲಲ್ಲಿ ಏನು ಕೊಡ್ತಾರೆ ತಾಯಿ?" ಎಂದು ಕೇಳಿದರು ಗುರುಗಳು.

"ಕಾಲಿಗೆ ನೀರು ಕೊಡ್ತಾರೆ."

"ಒಳಕ್ಕೆ ಸೇರಿಸದೆ ಇರೋರಿಗೆ ಕೊಡ್ತಾರಾ?"

"ಅವ್ರಿಗ್ಯಾಕೆ ಕೊಡ್ತಾರೆ? ಊಟಕ್ಕೆ ಕೂರೋರಿಗೆ ತಾನೆ ನೀರು."

"ಉತ್ತರಿಸೋ ಸ್ಥಳ ಅಂದರೆ ಅಷ್ಟೇ. ಅವನು ಕಾಲು ತೊಳೀತಾ ಇದಾನೆ. ಧೂಳು ಜಾಸ್ತಿ ಇದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಲೂರ್ದಮ್ಮನ ಮುಖ ಅರಳುವಂತೆ ಕಂಡು ಮತ್ತೆ ಬಾಡಿತು.

"ಅದು ಸರಿ. ಈ ಬೆನ್ನಿಂದು ಏನ್ಮಾಡ್ತೀರಿ? ಭಾನುವಾರದೊಳಗೆ ಅವ್ರನ್ನ ತಿರುಗಿಸಿ. ಇಲ್ಲಾಂದ್ರೆ ನಾನೇ ಅಗೀತೀನಿ."

ಗುರುಗಳು ಅವಳನ್ನು ತಡೆಯಲಿಲ್ಲ.

"ಅಗೆಯೋಣ. ನಾನೂ ಒಂದು ಕೈ ಹಾಕ್ತೀನಿ. ಆದರೆ ಪೆಟ್ಟಿಗೆ ಮೇಲೆ ಎತ್ತಬೇಕಾದರೆ ಎರಡು ಉದ್ದನೆ ಹಗ್ಗ ಬೇಕು. ಗಟ್ಟಿ ಹಗ್ಗ ಈ ಸೀಮೆಯಲ್ಲಿ ಎಲ್ಲಿ ಸಿಗುತ್ತೆ?"

"ನಮ್ಮನೇಲೇ ಹೊಸೀತಿದ್ದದ್ದು," ಎಂದಳು ಲೂರ್ದಮ್ಮ. "ಮಾಡಿಟ್ಟಿದ್ದೆಲ್ಲ ಮಾರಿ ಹೋಗೈತೆ. ನಾರು ಐತೆ, ರಾಟೆ ಐತೆ. ಹೊಸೆಯೋರು ಇಲ್ಲ."

"ಇನ್ನಾಸಪ್ಪ ಹೊಸೀತಾನೆ. ನಾಳೆ ಬರ್ತೀವಿ."

ಅವಳು ಹೋದ ಮೇಲೆ ಇನ್ನಾಸಪ್ಪ ಗುರುಗಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಗುರುಗಳೇ, ಪೆಟ್ಟಿಗೆಯ ಎರಡು ತುದಿಯೂ ಒಂದೇ ತರಹ ಇತ್ತು. ನಾನು ಹೋಗಿ ಶಿಲುಬೆಯನ್ನು ಕಿತ್ತು ಪಡುವಲ ತುದಿಯಲ್ಲಿ ನೆಡುತ್ತೇನೆ. ತಲೆ ಈ ಕಡೆಯೇ ಇತ್ತು, ಶಿಲುಬೆ ಮಾತ್ರ ತಪ್ಪಿತ್ತು ಅಂದುಬಿಡೋಣ. ಆಕೆಗೂ ನೆಮ್ಮದಿ."

"ಆ ಶಿಲುಬೆ ಹೊತ್ತಿರೋದು ಸಾಲದಾ?" ಎಂದರು ಗುರುಗಳು. "ಅದರ ಮೇಲೆ ನಿನ್ನ ಸುಳ್ಳನ್ನೂ ಹೊರಿಸ್ತೀಯಾ?"

ಇನ್ನಾಸಪ್ಪನಿಗೆ ನಾಚಿಕೆಯಾಯಿತು. ನೆಲ ನೋಡುತ್ತ ನಿಂತ. ಆದರೂ ಅವನೊಳಗೆ ಒಂದು ಮುಳ್ಳು ಚುಚ್ಚುತ್ತಿತ್ತು.

"ನಾನು ಆಕೆಗೆ ಮೊದಲು ಹೇಳಿದ್ದರಲ್ಲಿ ತಪ್ಪೇನಿತ್ತು?"

"ಏನೂ ಇರಲಿಲ್ಲ. ಅವಳು ಕೇಳಿದ್ದು ತನ್ನ ಗಂಡನ ಬಗ್ಗೆ, ನೀನು ಪಾಠ ಒಪ್ಪಿಸಿದೆ."

ಮರುದಿನ ಬೆಳಿಗ್ಗೆ ಇಬ್ಬರೂ ಹರಿಗೋಲಿನಲ್ಲಿ ಹೊಳೆ ದಾಟಿ, ಸಮಾಧಿಯನ್ನು ನೋಡಿಕೊಂಡು, ಲೂರ್ದಮ್ಮನ ಮನೆಗೆ ಹೋದರು.

ಮನೆಯ ಮುಂದೆ ನೇರವಾದ ಉದ್ದನೆಯ ಓಣಿ. ಒಂದು ತುದಿಯಲ್ಲಿ ಮರದ ರಾಟೆ. ರಾಟೆಯ ಹಿಡಿ ಲೂರ್ದಮ್ಮನ ಕೈಯಲ್ಲಿತ್ತು. ಅವಳು ಇನ್ನಾಸಪ್ಪನ ಸೊಂಟಕ್ಕೆ ಕತ್ತಾಳೆ ನಾರಿನ ಹೊರೆ ಕಟ್ಟಿದಳು. ಒಂದಿಷ್ಟು ನಾರು ಎಳೆದು ರಾಟೆಯ ಕೊಕ್ಕೆಗೆ ಸಿಕ್ಕಿಸಿದಳು.

"ನಾನು ತಿರುಗಿಸ್ತೀನಿ. ನೀನು ನಾರು ಬಿಡ್ತಾ ಬಿಡ್ತಾ ಹಿಂದಕ್ಕೆ ನಡಿ."

"ಹಿಂದಕ್ಕಾ?"

"ಮುಂದಕ್ಕೆ ಬಂದ್ರೆ ಹಗ್ಗ ಆಗ್ತದಾ? ಹಿಂದಕ್ಕೆ ನಡಿಯಪ್ಪ."

ಇನ್ನಾಸಪ್ಪ ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟ. ಐದನೆಯದಕ್ಕೆ ಹೆದರಿಕೆಯಾಗಿ ಕತ್ತು ತಿರುಗಿಸಿ ನೋಡಿದ. ಎಳೆ ಪಟ್ಟೆಂದು ತುಂಡಾಯಿತು.

ಮತ್ತೆ ಸಿಕ್ಕಿಸಿದರು. ಈ ಸಲ ಹತ್ತು ಹೆಜ್ಜೆ. ಮತ್ತೆ ಕತ್ತು ತಿರುಗಿತು, ಮತ್ತೆ ತುಂಡಾಯಿತು. ಮೂರನೆಯ ಸಲ ಅವನು ಕಲ್ಲು ಎಡವಿ ನಾರಿನ ಸಮೇತ ಅಂಗಾತ ಬಿದ್ದ. ಕಟ್ಟೆಯ ಮೇಲೆ ಕೂತಿದ್ದ ಗುರುಗಳು ಹೊಟ್ಟೆ ಹಿಡಿದು ನಕ್ಕರು.

ಲೂರ್ದಮ್ಮನಿಗೆ ಸಿಟ್ಟು ಬಂತು. ಆಶ್ರಮದವನೆಂಬ ಮರ್ಯಾದೆಯೂ ಹಾರಿಹೋಯಿತು.

"ಹಿಂದೆ ಯಾಕೋ ನೋಡ್ತೀಯಾ? ನನ್ನ ಮುಖ ನೋಡು. ಹಿಂದೆ ಏನೈತೆ ಅಂತ ಹೇಳೋಕೆ ನಾನು ಇಲ್ವಾ? ನಿನ್ನ ಹಿಂದಿರೋದು ನಂಗೆ ಕಾಣ್ತದೆ. ನಾನು ಹೇಳಿದಂಗೆ ನಡಿ."

ಇನ್ನಾಸಪ್ಪ ಎದ್ದು ಮಣ್ಣು ಒದರಿಕೊಂಡ. ಅವಳ ಮುಖವನ್ನೇ ನೋಡುತ್ತ ಹಿಂದಕ್ಕೆ ನಡೆದ.

"ಎಡಕ್ಕೆ ಬಾ, ಕಲ್ಲೈತೆ. ಹಾಂ. ಈಗ ನೇರ. ಗುಂಡಿ ಐತೆ, ದೊಡ್ಡ ಹೆಜ್ಜೆ ಹಾಕು. ನಿಲ್ಲು, ಎಮ್ಮೆ ಬರ್ತಾ ಐತೆ. ಹೋಯ್ತು, ಬಾ."

ರಾಟೆ ಕಿರ್ರೆಂದು ತಿರುಗುತ್ತಿತ್ತು. ಎಳೆ ಬಿಗಿಯಾಗಿ ಬೆಳೆಯಿತು. ಇನ್ನಾಸಪ್ಪನ ಹೆದರಿಕೆ ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ. ಓಣಿಯ ಅರ್ಧ ದಾಟಿದ್ದ.

ಇದ್ದಕ್ಕಿದ್ದಂತೆ ರಾಟೆ ನಿಂತಿತು.

ಲೂರ್ದಮ್ಮ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಓಣಿಯ ಆ ತುದಿಯ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ.

"ಏನಾಯ್ತು ತಾಯಿ?" ಎಂದರು ಗುರುಗಳು.

"ನಲವತ್ತೊಂದು ವರ್ಷ ಸ್ವಾಮೇರೆ. ಅವ್ರು ಹಿಂಗೇ ನನ್ನ ಮುಖ ನೋಡ್ಕೊಂಡು ಹಿಂದಕ್ಕೆ ನಡೆದ್ರು. ನಾನು ಕೂಗಿ ಹೇಳ್ತಿದ್ದೆ. ಒಂದು ದಿನಾನೂ ಬೀಳ್ಲಿಲ್ಲ. ಒಂದು ದಿನಾನೂ ಕತ್ತು ತಿರುಗಿಸಿ ನೋಡ್ಲಿಲ್ಲ."

ಆಗ ಲೂರ್ದಮ್ಮ ಅತ್ತಳು. ಸೆರಗು ಬಾಯಿಗೆ ತುರುಕಿಕೊಂಡು, ರಾಟೆಗೆ ಹಣೆ ಒತ್ತಿ, ನಾಲ್ಕು ದಿನದಿಂದ ಒಳಗೇ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಇನ್ನಾಸಪ್ಪ ಎಳೆ ಬಿಡದೆ ಓಣಿಯ ನಡುವೆ ನಿಂತೇ ಇದ್ದ. ಅವನ ಕಣ್ಣಲ್ಲೂ ನೀರು ತುಂಬಿತ್ತು.

ಅಳು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡಳು.

"ಸ್ವಾಮೇರೆ, ಅವ್ರ ಕಾಲ ಕಡೆ ಒಂದು ಆಳು ಮಲಗೋವಷ್ಟು ಜಾಗ ಖಾಲಿ ಐತೆ."

"ಇದೆ. ನಾನೂ ನೋಡಿದೀನಿ."

"ನಾನು ಹೋದಾಗ ನನ್ನ ಅಲ್ಲಿ ಹಾಕಿ. ಎಲ್ಲರ ಹಂಗೆ, ಮೂಡ್ಲಿಗೆ ಮುಖ."

"ಆಗಲಿ."

"ಎಲ್ಲಾದ್ರೂ ಬರೆದಿಡಿ. ಈ ಅಣ್ಣಂಗೆ ದಿಕ್ಕು ಗೊತ್ತಾಗಕಿಲ್ಲ."

ಇನ್ನಾಸಪ್ಪ ಅಷ್ಟು ದೂರದಿಂದಲೇ ತಲೆ ತಗ್ಗಿಸಿದ.

ಲೂರ್ದಮ್ಮ ನಿಧಾನವಾಗಿ, ಪ್ರತಿಯೊಂದು ಮಾತನ್ನೂ ಕಣ್ಣಿಂದ ನೋಡುತ್ತಿರುವವಳಂತೆ ಹೇಳಿದಳು:

"ತುತ್ತೂರಿ ಊದ್ತದೆ. ನಾನು ಏಳ್ತೀನಿ. ಎದುರಿಗೆ ಅವ್ರು ಎದ್ದಿರ್ತಾರೆ, ನನ್ನೇ ನೋಡ್ತಾ. ಅವ್ರ ಬೆನ್ನ ಹಿಂದೆ ಯೇಸುಸ್ವಾಮಿ ಬರ್ತಾ ಇರ್ತಾನೆ. ಅವ್ರಿಗೆ ಕಾಣಕಿಲ್ಲ, ನಂಗೆ ಕಾಣ್ತದೆ. ಆಗ ನಾನು ಕೂಗ್ತೀನಿ. ರೀ, ತಿರುಗ್ರಿ, ಯಾರು ಬಂದವ್ರೆ ನೋಡ್ರಿ ಅಂತ. ನಾನು ಹೇಳಿದ್ರೆ ಅವ್ರು ತಿರುಗ್ತಾರೆ. ಪೂಜೆಗೆ ಕರೆದ್ರೆ ಬರ್ತಿರ್ಲಿಲ್ಲ, ಆದ್ರೆ ಈ ಓಣೀಲಿ ನನ್ನ ಮಾತು ಒಂದು ದಿನಾನೂ ಮೀರಿಲ್ಲ."

"ಹಾಗಾದರೆ ಭಾನುವಾರ ಅಗೆಯೋದು?"

"ಬ್ಯಾಡ. ಮಲಗಿರ್ಲಿ. ಅವ್ರಿಗೂ ಸಾಕಾಗೈತೆ."

ಅವಳು ಮತ್ತೆ ರಾಟೆಯ ಹಿಡಿಗೆ ಕೈ ಹಾಕಿದಳು. ಹೊಸೆಯಲು ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವುದು ಅವಳ ಜಾಯಮಾನವಲ್ಲ. ಮಧ್ಯಾಹ್ನದ ಹೊತ್ತಿಗೆ ಹಗ್ಗ ಮುಗಿಯಿತು. ಅಲ್ಲಲ್ಲಿ ಗಂಟು, ಅಲ್ಲಲ್ಲಿ ಸಡಿಲ. ಚೌರಪ್ಪ ನೋಡಿದ್ದರೆ ನಗುತ್ತಿದ್ದ ಎಂದು ಹೇಳುತ್ತ ಲೂರ್ದಮ್ಮ ತಾನೇ ನಕ್ಕಳು. ಇಬ್ಬರಿಗೂ ಮುದ್ದೆ, ಉಪ್ಪುಸಾರು ಬಡಿಸಿ ಕಳಿಸಿದಳು.

ಹಿಂತಿರುಗುವಾಗ ಇನ್ನಾಸಪ್ಪ ಹರಿಗೋಲಿನಲ್ಲಿ ಗುರುಗಳ ಎದುರಿಗೆ ಕೂತ. ಹೊಳೆಯ ನಡುವೆ ಬಂದಾಗ ಕೇಳಿದ:

"ಗುರುಗಳೇ, ಆಕೆ ಅಲ್ಲೇ ಸಾಯುತ್ತಾಳೆಂದು ಏನು ಖಾತ್ರಿ? ನೆಂಟರ ಊರಿನಲ್ಲಿ ಸಾಯಬಹುದು. ಆ ಜಾಗದಲ್ಲಿ ಬೇರೆ ಯಾರನ್ನೋ ಹೂಳಬಹುದು."

"ಆಗಬಹುದು."

"ಆಮೇಲೆ ಚೌರಪ್ಪ ಒಬ್ಬನೇ ಬೆನ್ನು ಹಾಕಿ ಎದ್ದು ನಿಂತರೆ? ತಿರುಗಿ ನೋಡು ಅನ್ನಲು ಆಕೆ ಅಲ್ಲಿ ಇಲ್ಲದಿದ್ದರೆ? ತಪ್ಪು ಮಾಡಿದವನು ನಾನು. ನನಗೆ ನಿದ್ದೆ ಬರುವುದಿಲ್ಲ."

ಗುರುಗಳು ನೀರಿಗೆ ಕೈ ಇಳಿಬಿಟ್ಟು ಕೂತಿದ್ದರು. ಕೈಯನ್ನು ಮೇಲೆ ತೆಗೆದು, ಒದ್ದೆಯಾಗಿದ್ದ ಹಾಗೆಯೇ, ಎದುರಿಗೆ ಕೂತಿದ್ದ ಶಿಷ್ಯನ ಹೆಗಲ ಮೇಲೆ ಇಟ್ಟರು.

"ಸತ್ತವರನ್ನ ಎಬ್ಬಿಸೋಕೆ ಗೊತ್ತಿರೋನಿಗೆ, ಬೆನ್ನು ತಟ್ಟಿ ಕರೆಯೋಕೆ ಗೊತ್ತಿರಲ್ವೇನೋ?"